ಸೊಲ್ಲಿಗೆ ಸೊಲ್ಲು ಕೂಡಿದಾಗ



ಈಚೆಗೆ ಒಂದು ಭಾನುವಾರ ಬಸವನಗುಡಿಯಲ್ಲಿ, ಗಾಂಧಿಬಜಾರಿಗೆ ಸಮೀಪದ ಹಳೆಯ ಮನೆಯೊಂದರ ಹಜಾರದಲ್ಲಿ ನಮ್ಮ ಬಳಗದವರು ಸೇರಿದ್ದೆವು. ಮಲೆನಾಡಿನಿಂದ ಹಿಂದಿನ ರಾತ್ರಿಯ ಬಸ್ಸಿಗೆ ಹೊರಟು ಬಂದವರು ಹತ್ತು ಹನ್ನೆರಡು ಜನ. ಬಹಳ ಹಿಂದೆಯೇ ಊರು ಬಿಟ್ಟು ಬೆಂಗಳೂರಿನಲ್ಲಿ ನೆಲೆಸಿದವರು ಅಷ್ಟೇ ಜನ. ಉಳಿದವರು ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ಆಸಕ್ತ ನಿವಾಸಿಗಳು. ಎಲ್ಲ ಸೇರಿ 40 ಜನರನ್ನು ಮೀರದ ಸಭೆ. ಕಾರ್ಯಕ್ರಮದ ಪಟ್ಟಿಯನ್ನು ನಾವೇ ಸಿದ್ಧಪಡಿಸಿದ್ದೆವು: ಪ್ರಾರ್ಥನೆ, ಸ್ವಾಗತ, ವಿಷಯ ಮಂಡನೆ, ಚರ್ಚೆ, ವಂದನಾರ್ಪಣೆ. ಪ್ರಾರ್ಥನೆಗೆಂದು ಸಂಗೀತ ಕಲಿತ ಒಬ್ಬರನ್ನು ಮೊದಲೇ ಗೊತ್ತುಮಾಡಿದ್ದೆವು. ಅವರು ಸೊಗಸಾಗಿ ಹಾಡಿದರು, ನಾವು ಚಪ್ಪಾಳೆ ತಟ್ಟಿದೆವು. ಅಲ್ಲಿಗೆ ಆ ದಿನದ ಹಾಡು ಮುಗಿಯಿತೆಂದೇ ಎಲ್ಲರೂ ತಿಳಿದಿದ್ದೆವು.

ಚರ್ಚೆಯ ವಿಷಯ ನದಿಯ ನೀರು. ಶರಾವತಿಯ ನೀರನ್ನು ಲಿಂಗನಮಕ್ಕಿಯಿಂದ ಬೆಂಗಳೂರಿಗೆ ಒಯ್ಯುವ ಮಾತು 2019ರಲ್ಲಿ ಎದ್ದುದನ್ನೂ ಅದೇ ವರ್ಷ ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿದ್ದನ್ನೂ ಓದುಗರು ಮರೆತಿರಲಾರರು. ಮಾತು ಬೇಗನೆ ಬಿಸಿಯೇರಿತು. ನಗರದ ಯುವತಿಯೊಬ್ಬಳು, "ಈಗ ನಾನು ಕುಡಿಯುತ್ತಿರುವ ನೀರೂ ದೂರದ ಕಾವೇರಿಯದೇ. ನನ್ನ ಮನೆಯ ನಲ್ಲಿಗೆ ನೀರು ಬೇಡ ಎಂದು ನಾನು ಹೇಗೆ ಹೇಳಲಿ?" ಎಂದು ಪ್ರಾಮಾಣಿಕವಾಗಿಯೇ ಕೇಳಿದಳು. ಸಾಗರದ ಕಡೆಯ ಹಿರಿಯರೊಬ್ಬರು, "ನಿಮ್ಮ ದೀಪಕ್ಕಾಗಿ ನಮ್ಮ ಹಿರಿಯರು ಒಮ್ಮೆ ಊರು ಬಿಟ್ಟಾಗಿದೆ ತಂಗೀ. ಇನ್ನು ನಲ್ಲಿಗಾಗಿ ನದಿಯನ್ನೂ ಬಿಡಬೇಕೇ?" ಎಂದರು. ಆಮೇಲೆ ಯಾರೂ ಮಾತನಾಡಲಿಲ್ಲ. ವಂದನಾರ್ಪಣೆಯ ಮಾತುಗಳು ಗಡಿಬಿಡಿಯಲ್ಲಿ ಮುಗಿದವು. ಎಲ್ಲರೂ ಚಪ್ಪಲಿ ಮೆಟ್ಟಿಕೊಳ್ಳುವ ಹೊತ್ತಿಗೆ ಮಳೆ ಹಿಡಿಯಿತು. ಬೀದಿಗಿಳಿಯಲಾಗದ ಮಳೆ. ಮುನಿಸಿಕೊಂಡ 40 ಜನ ಒಂದೇ ಹಜಾರದಲ್ಲಿ, ಒಬ್ಬರ ಮುಖವನ್ನೊಬ್ಬರು ನೋಡದೆ, ಮಳೆ ನಿಲ್ಲುವುದನ್ನು ಕಾಯುತ್ತ ಕುಳಿತೆವು.

ಆಗ ಗೋಡೆಗೆ ಒರಗಿ ಕುಳಿತಿದ್ದ, ಬೆಳಗಿನಿಂದ ಒಂದು ಮಾತನ್ನೂ ಆಡದಿದ್ದ ನಮ್ಮ ಊರ ಕಡೆಯ ತಾಯಿಯೊಬ್ಬರು ಹೊರಗಿನ ಮಳೆಯನ್ನೇ ನೋಡುತ್ತ ತಮ್ಮಷ್ಟಕ್ಕೆ ತಾವು ನೆಟ್ಟಿ ಹಾಡೊಂದನ್ನು ತೆಗೆದರು. ಯಾರಿಗೂ ಕೇಳಿಸಬೇಕೆಂದು ಹಾಡಿದ್ದಲ್ಲ. ಮಳೆ ಬಂತು, ಗದ್ದೆ ನೆನಪಾಯಿತು, ಹಾಡು ಬಂತು. ಜೊತೆಯಲ್ಲಿ ಬಂದಿದ್ದ ಇನ್ನೊಬ್ಬರು ಪಕ್ಕದಿಂದಲೇ ಸೊಲ್ಲು ಕೂಡಿಸಿದರು. ನೆಟ್ಟಿ ಹಾಡಿನ ಕ್ರಮವೇ ಹಾಗೆ. ಒಂದು ಸಾಲಿನವರು ಹೇಳಿದ್ದನ್ನು ಇನ್ನೊಂದು ಸಾಲಿನವರು ಮರಳಿ ಹೇಳಬೇಕು. ಹೇಳದಿದ್ದರೆ ಹಾಡು ಮುಂದೆ ಸಾಗದು. ಮೂರನೆಯ ಸುತ್ತಿಗೆ ಬಸವನಗುಡಿಯ ಹೆಂಗಸರ ದನಿ ಅದಕ್ಕೆ ಸೇರಿತು. ಐದನೆಯ ಸುತ್ತಿಗೆ, ನಲ್ಲಿಯ ಮಾತೆತ್ತಿದ್ದ ಆ ಯುವತಿಯೂ ಹೇಳತೊಡಗಿದ್ದಳು.

ಮುಂದೆ ನಡೆದುದಕ್ಕೆ ಯಾವ ಪಟ್ಟಿಯೂ ಇರಲಿಲ್ಲ. ಮನೆಯ ಯಜಮಾನಿ ಒಂದು ದೇವರನಾಮ ಎತ್ತಿಕೊಂಡರು. ಅದರ ಪಲ್ಲವಿ ಊರಿನಿಂದ ಬಂದವರಿಗೂ ಬರುತ್ತಿತ್ತು, ಧಾಟಿ ಮಾತ್ರ ಬೇರೆ. ಎರಡು ಧಾಟಿಗಳು ಸ್ವಲ್ಪ ಹೊತ್ತು ಒಂದನ್ನೊಂದು ಎಳೆದಾಡಿ ಕೊನೆಗೆ ಯಾರದೂ ಅಲ್ಲದ ಮೂರನೆಯದೊಂದು ಧಾಟಿಯಲ್ಲಿ ನಿಂತವು. ಹುಡುಗರು ರಾಜ್‌ಕುಮಾರರ ಚಿತ್ರವೊಂದರ ಹಾಡು ಶುರುಮಾಡಿದಾಗ ಹಿರಿಯರೂ ಹಿಂದೆ ಬೀಳಲಿಲ್ಲ. ಕಾಫಿ ಲೋಟಗಳನ್ನು ಒಯ್ಯಲು ಬಂದ, ಆ ಮನೆಯ ಅಡುಗೆ ಕೆಲಸದ ಅಮ್ಮ ಬಾಗಿಲಲ್ಲಿ ನಿಂತೇ ಇದ್ದರು. "ನೀವೂ ಒಂದು ಹೇಳಿ ಅಮ್ಮ" ಎಂದಾಗ ಬಹಳ ಸಂಕೋಚಪಟ್ಟು ತಮಿಳಿನ ಜೋಗುಳವೊಂದನ್ನು ಹೇಳಿದರು. ಪದಗಳು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿಯಲಿಲ್ಲ. ತೊಡೆಯ ಮೇಲೆ ಮೆಲ್ಲಗೆ ತಾಳ ಹಾಕುವುದಕ್ಕೆ ಪದಗಳು ಬೇಕಿರಲಿಲ್ಲ. ಮಳೆ ನಿಂತ ಮೇಲೂ ಅರ್ಧ ಗಂಟೆ ನಾವು ಅಲ್ಲಿಯೇ ಇದ್ದೆವು.

ಇಷ್ಟು ಸಣ್ಣ ಸಂಗತಿಯನ್ನು ಸಂಪಾದಕೀಯದಲ್ಲಿ ಬರೆಯಲು ಕಾರಣವಿದೆ. ಮರುದಿನ ಬಸ್ಸಿನಲ್ಲಿ ಊರಿಗೆ ಹಿಂದಿರುಗುವಾಗ ನಮ್ಮನ್ನು ಕಾಡಿದ ಪ್ರಶ್ನೆ ಒಂದೇ: ಮಳೆ ಬರದಿದ್ದರೆ ಏನಾಗುತ್ತಿತ್ತು? ನಾವು ಹಾಕಿಕೊಂಡ ಪಟ್ಟಿಯಲ್ಲಿ ಆ ತಾಯಿಯ ಹಾಡಿಗೆ ಎಡೆಯೇ ಇರಲಿಲ್ಲ. ಜನರ ಪಾಲ್ಗೊಳ್ಳುವಿಕೆಯ ಬಗ್ಗೆ ವರ್ಷಗಟ್ಟಲೆ ಬರೆಯುತ್ತ ಬಂದ ನಾವು, ನಮ್ಮದೇ ಸಭೆಯಲ್ಲಿ ಒಬ್ಬರನ್ನು ಹಾಡುಗಾರರನ್ನಾಗಿಯೂ 39 ಜನರನ್ನು ಕೇಳುಗರನ್ನಾಗಿಯೂ ಮಾಡಿ ಕೂರಿಸಿದ್ದೆವು. ತಪ್ಪು ನಮ್ಮದೇ, ಅದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಹಳೆಯ ಬೆಂಗಳೂರಿನ ಈ ಬಡಾವಣೆಗಳಿಗೆ ಹಾಡು ಹೊಸತಲ್ಲ. ಚಾಮರಾಜಪೇಟೆ ರೂಪುಗೊಂಡದ್ದು 1892ರಲ್ಲಿ. 1898ರ ಪ್ಲೇಗಿನ ಬಳಿಕ ಕಿಕ್ಕಿರಿದ ಪೇಟೆಯಿಂದ ಜನ ಬಸವನಗುಡಿ, ಮಲ್ಲೇಶ್ವರಗಳಿಗೆ ಬಂದು ನೆಲೆಸಿದರು. ಬೆಂಗಳೂರು ಗಾಯನ ಸಮಾಜ 1905ರಲ್ಲಿ ಹುಟ್ಟಿತು. ಶ್ರೀರಾಮ ಸೇವಾ ಮಂಡಳಿ 1939ರಲ್ಲಿ ಆರಂಭಿಸಿದ ರಾಮನವಮಿ ಸಂಗೀತೋತ್ಸವ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನಕ್ಕೆ ನಾಡಿನ ಹಿರಿಯ ಗಾಯಕರನ್ನೆಲ್ಲ ಕರೆತಂದಿತು. ಪಿಟೀಲಿನ ಆಕಾರದಲ್ಲಿ ಕಟ್ಟಿದ ಚೌಡಯ್ಯ ಸ್ಮಾರಕ ಭವನ ಮಲ್ಲೇಶ್ವರಕ್ಕೆ ಸಮೀಪದಲ್ಲಿದೆ. ಇವು ಈ ಊರಿನ ಹೆಮ್ಮೆಗಳು, ಸಂದೇಹವಿಲ್ಲ. ಆದರೆ ಇವೆಲ್ಲ ಕೇಳುವ ತಾಣಗಳು. ಇವುಗಳ ಜೊತೆಜೊತೆಗೇ ಇದೇ ಬೀದಿಗಳಲ್ಲಿ ಹೇಳುವ ತಾಣಗಳೂ ಇದ್ದವು. ಚರಿತ್ರೆಯ ಪುಸ್ತಕಗಳು ಅವುಗಳ ಕಡೆಗೆ ಅಷ್ಟಾಗಿ ಗಮನ ಕೊಟ್ಟಿಲ್ಲ.

ನವರಾತ್ರಿಯಲ್ಲಿ ಬೊಂಬೆ ನೋಡಲು ಮನೆಗೆ ಬಂದ ಮಕ್ಕಳಿಗೆ ಬೊಂಬೆ ಬಾಗಿನ ಕೊಡುವ ಮುನ್ನ "ಎಲ್ಲಿ, ಒಂದು ಹಾಡು ಹೇಳು" ಎನ್ನುವುದು ಇಲ್ಲಿನ ವಾಡಿಕೆ. ಹಳೆಯ ಮೈಸೂರು ಸೀಮೆಯ ಮಾತಿನಲ್ಲಿ ಹಾಡನ್ನು 'ಹೇಳು'ತ್ತಾರೆ ಎಂಬುದನ್ನು ಗಮನಿಸಿ. ಹೇಳುವುದಕ್ಕೆ ವಿದ್ವತ್ತು ಬೇಕಿಲ್ಲ, ಬಾಯಿ ಇದ್ದರೆ ಸಾಕು. ವಠಾರಗಳಲ್ಲಿ ಹತ್ತು ಸಂಸಾರಗಳಿಗೆ ಒಂದೇ ಅಂಗಳ; ಒಂದು ಮನೆಯ ಆರತಿಯ ಹಾಡಿಗೆ ಪಕ್ಕದ ಮನೆಯವರು ಅಡುಗೆಮನೆಯಿಂದಲೇ ದನಿಗೂಡಿಸುತ್ತಿದ್ದರು. ಧನುರ್ಮಾಸದ ಚಳಿಯ ನಸುಕಿನಲ್ಲಿ ಭಜನೆ ಬೀದಿ ಸುತ್ತುತ್ತಿತ್ತು. ಹೆಂಗಸರ ಪೆಟ್ಟಿಗೆಯಲ್ಲಿ ಸೀರೆಗಳ ಕೆಳಗೆ ಕೈಬರಹದ ಹಾಡಿನ ಪುಸ್ತಕವೊಂದು ಇದ್ದೇ ಇರುತ್ತಿತ್ತು. ಮಗಳು ಮದುವೆಯಾಗಿ ಹೋಗುವಾಗ ಅದರ ಪ್ರತಿಯನ್ನೂ ಬರೆದುಕೊಳ್ಳುತ್ತಿದ್ದಳು. ವಠಾರಗಳಿದ್ದ ಜಾಗಗಳಲ್ಲಿ ಈಗ ಎದ್ದಿರುವ ಬಹುಮಹಡಿ ಕಟ್ಟಡಗಳ ನೆಲಮಟ್ಟದಲ್ಲಿ ಜಗಲಿಯಿಲ್ಲ, ವಾಹನ ನಿಲ್ದಾಣವಿದೆ. ಹಾಡು ಮರೆತದ್ದರಲ್ಲಿ ಮರೆವಿನ ಪಾಲೆಷ್ಟು, ಜಗಲಿ ಇಲ್ಲವಾದುದರ ಪಾಲೆಷ್ಟು ಎಂಬುದು ಯೋಚಿಸಬೇಕಾದ ಮಾತು.

ಒಟ್ಟಿಗೆ ಹಾಡುವುದು ಹೇಗೆ ಸಾಧ್ಯವಾಗುತ್ತದೆ ಎಂಬುದನ್ನು ನಮ್ಮ ಹಿರಿಯರು ಚೆನ್ನಾಗಿ ಅರಿತಿದ್ದರು. ಹತ್ತು ಜನ ಸೇರಿದಲ್ಲಿ ಹಾಡು ಬಲ್ಲವರು ಒಬ್ಬರೋ ಇಬ್ಬರೋ. ಉಳಿದವರನ್ನು ಹೊರಗಿಡದೆ ಹಾಡುವ ಬಗೆಯೇ ಮುಮ್ಮೇಳ, ಹಿಮ್ಮೇಳ. ಮುಮ್ಮೇಳದವರಿಗೆ ಕಥೆ ಗೊತ್ತಿರಬೇಕು, ಹಿಮ್ಮೇಳದವರಿಗೆ ಕಿವಿ ಇದ್ದರೆ ಸಾಕು. ಮಂಟೇಸ್ವಾಮಿಯ ಕಥೆ ಹೇಳುವ ನೀಲಗಾರರಲ್ಲಿಯೂ ಕಂಸಾಳೆಯವರಲ್ಲಿಯೂ ನಡೆದುಬಂದ ಕ್ರಮ ಇದು. ನಮ್ಮ ಮಲೆನಾಡಿನ ಅಂಟಿಕೆ ಪಂಟಿಕೆಯಲ್ಲಿಯೂ ಹಾಗೆಯೇ: ದೀಪಾವಳಿಯ ರಾತ್ರಿ ದೀಪ ಹಿಡಿದು ಮನೆ ಮನೆಯ ಬಾಗಿಲಿಗೆ ಬರುವವರಲ್ಲಿ ಮುಂದಿನವರು ಹೇಳಿದ್ದನ್ನು ಹಿಂದಿನವರು ಮರಳಿ ಹೇಳುತ್ತಾರೆ. ದಾಸರ ಪದಗಳಲ್ಲಿ ಈ ಕೆಲಸವನ್ನು ಪಲ್ಲವಿ ಮಾಡುತ್ತದೆ. ಚರಣಗಳು ಮರೆತರೂ ಚಿಂತೆಯಿಲ್ಲ, ಪಲ್ಲವಿಗೆ ಎಲ್ಲರೂ ಮನೆಗೆ ಮರಳುತ್ತಾರೆ. ಶ್ರುತಿಪೆಟ್ಟಿಗೆ ಬೇಕಿಲ್ಲ, ಶುರುಮಾಡುವವರು ತುಸು ತಗ್ಗಿಸಿದ ದನಿಯಲ್ಲಿ ಶುರುಮಾಡಿದರೆ ಉಳಿದ ಗಂಟಲುಗಳಿಗೆ ಎಟುಕುತ್ತದೆ. ಇಲ್ಲಿ ಹಾಡಿನ ಗುಣವನ್ನು ಅಳೆಯುವ ಕೋಲು ಇಂಪೊಂದೇ ಅಲ್ಲ. ಬಾರದವರು ಎಷ್ಟು ಬೇಗ ಸೇರಿಕೊಂಡರು ಎಂಬುದನ್ನೂ ನೋಡಬೇಕು.

ಹೀಗೆ ಹತ್ತಾರು ಜನ ಊಟದ ಬಳಿಕ ಕೂತು ಹಾಡಿದ ಹಾಡು ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ಒಂದು ನಿದರ್ಶನ ನಮ್ಮ ನೆರೆಯಲ್ಲೇ ಇದೆ. ಕೋಲಾರದ ಗಡಿಯಾಚೆ, ಆಂಧ್ರಪ್ರದೇಶದ ಮದನಪಲ್ಲಿಯ ಬೆಸೆಂಟ್ ಥಿಯಾಸಾಫಿಕಲ್ ಕಾಲೇಜಿಗೆ 1919ರ ಫೆಬ್ರವರಿಯಲ್ಲಿ ರವೀಂದ್ರನಾಥ ಠಾಕೂರರು ವಿಶ್ರಾಂತಿಗೆಂದು ಬಂದಿದ್ದರು. ಅಲ್ಲಿ ವಾರಕ್ಕೊಮ್ಮೆ ರಾತ್ರಿ ಊಟದ ನಂತರ ಹುಡುಗರೂ ಅಧ್ಯಾಪಕರೂ ಸೇರಿ ಹಾಡಿಕೊಳ್ಳುವ ರೂಢಿಯಿತ್ತು. ತಾವೂ ಸೇರಬಹುದೇ ಎಂದು ಕೇಳಿ ಬಂದ ಕವಿಗಳು ತಮ್ಮ 'ಜನ ಗಣ ಮನ'ವನ್ನು ಹಾಡಿದರು. ಕಾಲೇಜಿನ ಪ್ರಾಂಶುಪಾಲರಾಗಿದ್ದ ಜೇಮ್ಸ್ ಕಸಿನ್ಸ್ ಆ ರಾತ್ರಿಯ ನೆನಪನ್ನು ಬರೆದಿಟ್ಟಿದ್ದಾರೆ: ಮೊದಲ ಪಲ್ಲವಿಗೆ ಸಭೆ ಕಿವಿ ನಿಮಿರಿಸಿತು, ಎರಡನೆಯದಕ್ಕೆ ಗಂಟಲು ಸರಿಪಡಿಸಿಕೊಂಡಿತು, ಮತ್ತೆ ಮತ್ತೆ ಹಾಡಿಸಿಕೊಂಡು ಕೊನೆಗೆ ಎಲ್ಲರೂ ಹಾಡತೊಡಗಿದರು. ಬಂಗಾಳಿ ಬಾರದ ಸಭೆಯನ್ನೂ ಪಲ್ಲವಿ ಒಳಗೆ ಕರೆದುಕೊಂಡಿತ್ತು. ಮಾರ್ಗರೆಟ್ ಕಸಿನ್ಸ್ ಅದರ ಸ್ವರಲಿಪಿಯನ್ನು ಸಿದ್ಧಪಡಿಸಿದರು. ಕವಿಗಳು ತಾವೇ ಅದನ್ನು ಇಂಗ್ಲಿಷಿಗೆ ಅನುವಾದಿಸಿದ್ದೂ ಆಗಲೇ. 1950ರ ಜನವರಿ 24ರಂದು ಆ ಹಾಡು ರಾಷ್ಟ್ರಗೀತೆಯಾಯಿತು.

ರಾಷ್ಟ್ರಗೀತೆಯಾದ ಮೇಲೆ ಅದಕ್ಕೆ ಒಂದು ಅಳತೆ ಬೇಕಾಯಿತು. ಪೂರ್ಣ ರೂಪಕ್ಕೆ ಸುಮಾರು 52 ಸೆಕೆಂಡು. ಕುವೆಂಪು ಅವರ 'ಜಯ ಭಾರತ ಜನನಿಯ ತನುಜಾತೆ' 2004ರಲ್ಲಿ ನಾಡಗೀತೆಯಾದ ಬಳಿಕ ಅದರ ಧಾಟಿಯ ಬಗ್ಗೆ ವರ್ಷಗಟ್ಟಲೆ ವಾದ ನಡೆಯಿತು. 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನೂ 2 ನಿಮಿಷ 30 ಸೆಕೆಂಡುಗಳ ಅವಧಿಯನ್ನೂ ಗೊತ್ತುಪಡಿಸಿತು. ಶಾಲೆ, ಕಚೇರಿ, ಸಮಾರಂಭಗಳಿಗೆ ಇಂಥ ಅಳತೆ ಬೇಕಾದೀತು. ಅದನ್ನು ಆಕ್ಷೇಪಿಸುವುದು ನಮ್ಮ ಉದ್ದೇಶವಲ್ಲ. ಆದರೆ ಹಜಾರದ ಹಾಡಿಗೂ ಅದೇ ಅಳತೆ ಹಿಡಿಯುವ ಅಭ್ಯಾಸ ನಮ್ಮೊಳಗೆ ಬೆಳೆದಿದೆ. ಇದರಲ್ಲಿ ಧ್ವನಿಸುರುಳಿಯ ಪಾಲೂ ಇದೆ. ನಿಸಾರ್ ಅಹಮದ್ ಅವರ ಗೀತೆಗಳ 'ನಿತ್ಯೋತ್ಸವ' ಧ್ವನಿಸುರುಳಿ 1978ರಲ್ಲಿ ಹೊರಬಂದ ಮೇಲೆ ಕನ್ನಡದ ಭಾವಗೀತೆಗಳು ಮನೆ ಮನೆಯನ್ನು ಮುಟ್ಟಿದವು. ಆ ಉಪಕಾರ ಸಣ್ಣದಲ್ಲ. 2005ರಲ್ಲಿ ಅರಮನೆ ಮೈದಾನದಲ್ಲಿ ಸಿ. ಅಶ್ವತ್ಥ್ ಅವರ 'ಕನ್ನಡವೇ ಸತ್ಯ'ಕ್ಕೆ ನೆರೆದ ಜನಸಾಗರವನ್ನು ಕಂಡವರಿಗೆ ಭಾವಗೀತೆಯ ಬಲ ಏನೆಂಬುದು ಗೊತ್ತು. ಆದರೆ ಧಾಟಿಯೊಂದು ಒಬ್ಬ ಗಾಯಕರ ಕಂಠದಲ್ಲಿ ಅಚ್ಚಾಗಿ ಮನೆಗೆ ಬಂದ ಮೇಲೆ, ನಮ್ಮ ಕಂಠ ನಮಗೇ ತಪ್ಪೆಂದು ತೋರತೊಡಗಿತು. "ನನಗೆ ಹಾಡಲು ಬರುವುದಿಲ್ಲ" ಎಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತದೆ. ಅದನ್ನು ಆಡುವವರ ಅಜ್ಜಿಯಂದಿರು ಹಾಗೆ ಅಂದದ್ದನ್ನು ನಾವು ಕೇಳಿದ್ದು ಕಡಿಮೆ. ಹಾಡುಗಳು ಕಳೆದುಹೋಗಿಲ್ಲ; ಎಲ್ಲವೂ ಕೈಯಲ್ಲಿರುವ ಫೋನಿನಲ್ಲಿ ಭದ್ರವಾಗಿವೆ. ಕಳೆದುಹೋದದ್ದು ಬಾಯಿ ತೆರೆಯುವ ಧೈರ್ಯ.

ಮೈಕಿನದು ಇನ್ನೊಂದು ಕಥೆ. ಮೈಕು ಬಂದೊಡನೆ ಅದನ್ನು ಹಿಡಿದವರು ಹಾಡುಗಾರರು, ಹಿಡಿಯದವರು ಕೇಳುಗರು ಎಂಬ ಗೆರೆ ಬೀಳುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಎಂಬ ಮಿತಿಯನ್ನು ಹಾಕಿವೆ. ಹಬ್ಬದ ದಿನಗಳಲ್ಲಿ ಬೀದಿಯ ಎರಡೂ ಕೊನೆಗಳಲ್ಲಿ ಧ್ವನಿವರ್ಧಕ ಕಟ್ಟಿದಾಗ ಆ ಬೀದಿಯ ಪ್ರತಿಯೊಬ್ಬರೂ ಹಾಡನ್ನು ಕೇಳಲೇಬೇಕು, ಯಾರೊಬ್ಬರೂ ಹಾಡುವಂತಿಲ್ಲ. ಹಿಂದೆ ಭಜನೆ ಬೀದಿಯಲ್ಲಿ ಸಾಗುವಾಗ ಮನಸ್ಸಿದ್ದವರು ಬಾಗಿಲು ತೆರೆದು ಸೇರಿಕೊಳ್ಳುತ್ತಿದ್ದರು. ಮನಸ್ಸಿಲ್ಲದವರು ಹೊದ್ದು ಮಲಗುತ್ತಿದ್ದರು.

ಮಲಗುವ ಈ ಸ್ವಾತಂತ್ರ್ಯವೂ ಮುಖ್ಯವೇ. ಒಟ್ಟಿಗೆ ಹಾಡುವುದೆಲ್ಲ ಒಳ್ಳೆಯದೆಂದು ನಾವು ಹೇಳಲಾರೆವು. ಹಾಡದಿರುವವರು ಯಾರೆಂದು ಕಣ್ಣಿಟ್ಟು ನೋಡುವ ಸಾಮೂಹಿಕ ಗಾಯನಗಳನ್ನೂ ಲೋಕ ಕಂಡಿದೆ. ಕೇರಳದ ಶಾಲೆಯೊಂದರಲ್ಲಿ ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರೂ ತಮ್ಮ ಧರ್ಮದ ನಂಬಿಕೆಯಂತೆ ಹಾಡದೆ ಉಳಿದ ಮೂವರು ಮಕ್ಕಳನ್ನು ಶಾಲೆಯಿಂದ ಹೊರಹಾಕಲಾಗಿತ್ತು. 1986ರಲ್ಲಿ ಸುಪ್ರೀಂ ಕೋರ್ಟು ಆ ಮಕ್ಕಳ ಪರವಾಗಿ ತೀರ್ಪಿತ್ತು, ಅವರನ್ನು ಶಾಲೆಗೆ ಮರಳಿ ಸೇರಿಸಿಕೊಳ್ಳಬೇಕೆಂದಿತು. ಸುಮ್ಮನೆ ಕೂರಬಲ್ಲವನಿಗೂ ಜಾಗವಿರುವ ಕಡೆ ಮಾತ್ರ ಹಾಡುವವನ ಸಂತೋಷ ನಿಜವಾದದ್ದು. ಬಸವನಗುಡಿಯ ಆ ಸಂಜೆ ಒಬ್ಬರು ಕೊನೆಯವರೆಗೂ ತುಟಿ ಬಿಚ್ಚಲಿಲ್ಲ. ಯಾರೂ ಅವರನ್ನು ಒತ್ತಾಯಿಸಲಿಲ್ಲ. ಹೊರಡುವಾಗ ಅವರು ಮುಂದಿನ ಸಭೆ ಯಾವಾಗ ಎಂದು ಕೇಳಿದರು.

ಹಾಡಿನಿಂದ ಏನಾಯಿತು ಎಂದು ಕೇಳುವ ಮಿತ್ರರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಎಸ್ಟೋನಿಯಾ ಎಂಬ ಪುಟ್ಟ ದೇಶದಲ್ಲಿ 1987ರಲ್ಲಿ ಫಾಸ್ಫೊರೈಟ್ ಗಣಿಗಾರಿಕೆಯ ವಿರುದ್ಧ ಜನ ಎದ್ದರು. 1988ರ ಜೂನ್ ತಿಂಗಳಲ್ಲಿ ರಾಜಧಾನಿ ತಾಲಿನ್‌ನ ಹಾಡುಹಬ್ಬದ ಬಯಲಿಗೆ ರಾತ್ರಿಯ ಹೊತ್ತು ತಾವಾಗಿಯೇ ಬಂದು ನೆರೆದು ಹಾಡಿದರು. 1991ರಲ್ಲಿ ಆ ದೇಶ ಮತ್ತೆ ಸ್ವತಂತ್ರವಾಯಿತು. ನಮ್ಮಲ್ಲಿಯೂ 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಸಾಲ್ಕಣಿಯ ಜನ ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡ ಮೇಲೆ, 'ಅಪ್ಪಿಕೊ' ಊರಿಂದೂರಿಗೆ ಹಬ್ಬಿದ್ದು ಪಾದಯಾತ್ರೆ, ಬೀದಿನಾಟಕ, ಹಾಡುಗಳ ಮೂಲಕವೂ ಹೌದು. ಆದರೆ ಹಾಡಿದ್ದರಿಂದಲೇ ಗೆದ್ದರು ಎಂದು ಹೇಳಿದರೆ ಅದು ಉತ್ಪ್ರೇಕ್ಷೆಯಾದೀತು. ಗೆಲುವಿಗೆ ಕಾನೂನು, ಕಾಲ, ತ್ಯಾಗ ಎಲ್ಲವೂ ಬೇಕು. ಹಾಡು ಮಾಡುವ ಕೆಲಸ ಬೇರೆ: ಗೆಲುವು ದೂರವಿರುವಾಗಲೂ ಜನ ಚದುರದಂತೆ ಅದು ನೋಡಿಕೊಳ್ಳುತ್ತದೆ.

ಆ ಸಂಜೆಯ ಲೆಕ್ಕವೂ ಅಷ್ಟೇ. ನದಿಯ ಪ್ರಶ್ನೆ ಎಲ್ಲಿತ್ತೋ ಅಲ್ಲಿಯೇ ಇದೆ. ಆ ಯುವತಿ ತನ್ನ ಅಭಿಪ್ರಾಯ ಬದಲಿಸಿಲ್ಲ, ಸಾಗರದ ಹಿರಿಯರೂ ಬದಲಿಸಿಲ್ಲ. ಆದರೆ ಮಳೆ ನಿಂತ ಮೇಲೆ ಅವರನ್ನು ಮೆಜೆಸ್ಟಿಕ್ಕಿನ ಬಸ್ಸಿಗೆ ಬಿಟ್ಟು ಬಂದವಳು ಅವಳೇ. ದಾರಿಯುದ್ದಕ್ಕೂ ನೀರಿನ ಬಗ್ಗೆಯೇ ವಾದಿಸಿದರಂತೆ. ಸಭೆಯಲ್ಲಿ ನಿಂತುಹೋಗಿದ್ದ ಮಾತು ಆಟೋದಲ್ಲಿ ಮುಂದುವರಿಯಿತು. ಹಾಡು ಅವರಿಬ್ಬರನ್ನು ಒಪ್ಪಿಸಲಿಲ್ಲ, ಜಗಳವನ್ನು ಒಟ್ಟಿಗೆ ಕೂತು ಆಡುವಷ್ಟು ಹತ್ತಿರ ತಂದಿತು. ಇಂದಿನ ದಿನಗಳಲ್ಲಿ ಇದು ಕಡಿಮೆ ಸಾಧನೆಯಲ್ಲ ಎಂದು ನಾವು ಭಾವಿಸುತ್ತೇವೆ.

ಆದ್ದರಿಂದ ಬಳಗದ ಎಲ್ಲ ಊರಿನ ಗೆಳೆಯರಲ್ಲಿ ಒಂದು ಮನವಿ. ಇನ್ನು ಮುಂದೆ ನಿಮ್ಮ ಸಭೆ 20 ಜನರದಾಗಲಿ 50 ಜನರದಾಗಲಿ, ಮೈಕನ್ನು ಚರ್ಚೆಯೊಡನೆ ಕಟ್ಟಿಡಿ. ಕುರ್ಚಿಗಳನ್ನು ಸರಿಸಿ, ಚಾಪೆ ಹಾಸಿ. ಹಾಡುವವರ ಹೆಸರು ಬರೆದುಕೊಳ್ಳಬೇಡಿ, ಚಿತ್ರೀಕರಿಸಲೂ ಬೇಡಿ; ತಪ್ಪು ಹಾಡುವ ಹಕ್ಕು ಎಲ್ಲರಿಗೂ ಇರಲಿ. ಯಾರೂ ಶುರುಮಾಡದಿದ್ದರೆ ಗಾಬರಿ ಬೇಡ, ಸ್ವಲ್ಪ ಹೊತ್ತು ಸುಮ್ಮನೆ ಕೂತಿರಿ. ಅಡುಗೆಮನೆಯಲ್ಲಿ ಇರುವವರನ್ನೂ ಹೊರಗೆ ಕರೆಯಿರಿ. ಮನೆಯಲ್ಲಿ ಅಮ್ಮನದೋ ಅಜ್ಜಿಯದೋ ಹಾಡಿನ ಪುಸ್ತಕ ಉಳಿದಿದ್ದರೆ ಹುಡುಕಿ ತನ್ನಿ. ಧಾಟಿ ಮರೆತಿದ್ದರೂ ಸರಿಯೇ, ಹತ್ತು ಜನರ ನಡುವೆ ಅದು ಹೇಗೋ ನೆನಪಿಗೆ ಬರುತ್ತದೆ.

ಮುಂದಿನ ತಿಂಗಳ ಸಭೆ ಮಲ್ಲೇಶ್ವರದ ಗೆಳೆಯರೊಬ್ಬರ ಮನೆಯಲ್ಲಿ. ಆಮಂತ್ರಣ ಪತ್ರಿಕೆ ಈ ಸಂಚಿಕೆಯ ಜೊತೆಗೇ ನಿಮ್ಮ ಕೈಸೇರುತ್ತಿದೆ. ಅದರಲ್ಲಿ ಕೊನೆಯ ಅರ್ಧ ಗಂಟೆಯ ಎದುರು ಏನನ್ನೂ ಬರೆದಿಲ್ಲ. ಅದು ಅಚ್ಚಿನ ದೋಷವಲ್ಲ.

– ಸಂಪಾದಕ ಬಳಗ